ಇಪ್ಪತ್ತೇಳನೆಯ ನಂಬರಿನ ಗಿರಾಕಿ

ನನ್ನಿಂದ ಗುಟ್ಟು ಮುಚ್ಚಿಡಬಲ್ಲವರು ಈ ಬೀದಿಯಲ್ಲಿ ಇನ್ನೂ ಹುಟ್ಟಿಲ್ಲ. ಎದುರುಮನೆಯ ಗಂಡಹೆಂಡತಿ ಜಗಳ ಶುರುಮಾಡುವ ಮೊದಲೇ ಗೆದ್ದವರು ಯಾರೆಂದು ನನಗೆ ಗೊತ್ತಿರುತ್ತದೆ. ಅಂಥ ನನ್ನ ಎದುರಿಗೇ ಕೂತು ಹತ್ತೊಂಬತ್ತು ವರ್ಷ ಊಟ ಮಾಡಿದ ನನ್ನ ತಂಗಿ ಮಾತ್ರ ತನ್ನ ಗುಟ್ಟಿನ ಒಂದೆಳೆಯನ್ನೂ ಬಿಟ್ಟುಕೊಟ್ಟಿಲ್ಲ.

ಅವಳದು ಚಿಪ್ ಕಾರ್ಖಾನೆಯಲ್ಲಿ ಕೊನೆಯ ತಪಾಸಣೆ. ದೊಡ್ಡ ದೊಡ್ಡ ಕಂಪ್ಯೂಟರ್ ಕಂಪನಿಗಳು ತಮಗೆ ಬೇಕಾದಂಥ ಚಿಪ್ಪನ್ನು ಅಲ್ಲಿ ಗುಟ್ಟಾಗಿ ಮಾಡಿಸಿಕೊಂಡು, ಆಮೇಲೆ ಎಲ್ಲ ತಮ್ಮದೇ ಕೈಕೆಲಸ ಎಂದು ಮೆರೆಯುತ್ತವೆ. ಒಳಗಿನವರಿಗೂ ಗಿರಾಕಿಯ ಹೆಸರು ತಿಳಿಯದು, ನಂಬರು ಮಾತ್ರ. ಇವಳ ಪಾಲಿಗೆ ಬಂದದ್ದು ಇಪ್ಪತ್ತೇಳು. ಕೆಲಸದ ವಿಷಯ ಬಾಯಿಬಿಡುವುದಿಲ್ಲವೆಂದು ಸಹಿ ಹಾಕಿದ ಕಾಗದದ ಕಟ್ಟನ್ನು ತಲೆದಿಂಬು ಮಾಡಿಕೊಳ್ಳಬಹುದಿತ್ತು. ಒಂದೊಂದು ಚಿಪ್ಪಿನ ನೂರಾರು ಕಾಲುಗಳೂ ನೆಟ್ಟಗಿವೆಯೇ ಎಂದು ನೋಡಿ ಟ್ರೇಗೆ ಇಡಬೇಕು. ಸೊಳ್ಳೆಯ ಮೀಸೆಯ ಸಿಕ್ಕು ಬಿಡಿಸುವಂಥ ಕಣ್ಣು ಅವಳದು.

ಟ್ರೇ ಹೊರಗೆ ಹೋದ ಮೇಲೆ ಅವು ಎಲ್ಲಿ ಸೇರಿದವೋ, ಏನಾದವೋ! ಬ್ಯಾಂಕಿಗೆ ಹೋದರೆ ಸರದಿ ಮರೆತು ಕಂಪ್ಯೂಟರಿನ ಬೆನ್ನನ್ನೇ ನೋಡುತ್ತ ನಿಂತುಬಿಡುವಳು.

"ಏನಮ್ಮಾ ಬೇಕಿತ್ತು?" ಎನ್ನುವನು ಗುಮಾಸ್ತ.

"ಏನಿಲ್ಲಪ್ಪ. ಚೆನ್ನಾಗಿ ಕೆಲಸ ಮಾಡುತ್ತಾ ಇದು?"

ಈಗ ಆ ಕಣ್ಣು ಮಂಜಾಗುತ್ತಿದೆ. ಇನ್ನು ಸರಿಹೋಗುವುದಿಲ್ಲ ಎಂದಿದ್ದಾರೆ ಡಾಕ್ಟರು. "ಅಷ್ಟರೊಳಗೆ ಒಂದೇ ಒಂದ್ಸಲ, ನನ್ನ ಕೈದಾಟಿ ಹೋದ ಚಿಪ್ಪು ಓಡ್ತಾ ಇರೋದನ್ನ ನೋಡ್ಬೇಕಿತ್ತು" ಎಂದು ಮೊನ್ನೆ ತಟ್ಟೆ ತೊಳೆಯುತ್ತ ತನಗೆ ತಾನೇ ಹೇಳಿಕೊಂಡಳು. ನನಗೆ ತಡೆಯಲಾಗಲಿಲ್ಲ. ಕೈಹಿಡಿದು ಕಂಪ್ಯೂಟರ್ ರಿಪೇರಿ ಅಂಗಡಿಗೆ ಎಳೆದುಕೊಂಡು ಹೋದೆ.

"ಏನ್ ಯಜಮಾನ್ರೇ, ಯಾವ್ದು ಕೆಟ್ಟೋಯ್ತು?" ಎಂದ ರಿಪೇರಿಯವನು.

"ಯಾವ್ದೂ ಇಲ್ಲ. ನಿನ್ನ ಹತ್ರ ಇರೋದನ್ನೆಲ್ಲ ಬಿಚ್ಚಿ ಓಡ್ಸು. ಇವಳು ನೋಡ್ಬೇಕಂತೆ."

"ಹಂಗಾದ್ರೆ ನಾಳೆಯಿಂದ ಟಿಕೆಟ್ ಇಡ್ತೀನಿ ಬಿಡಿ" ಎಂದು ಗೊಣಗುತ್ತಲೇ ಬಿಚ್ಚಿದ.

ನಾಲ್ಕು ಯಂತ್ರಗಳನ್ನು ಅವಳು ಸುಮ್ಮನೆ ದಾಟಿದಳು. ಐದನೆಯದರ ಮುಂದೆ ನಿಂತಳು. ಒಳಗೆ ಫ್ಯಾನು ಗುಂಯ್‌ಗುಡುತ್ತಿತ್ತು. ಹಸಿರು ಹಲಗೆಯ ನಡುವೆ ಉಗುರಗಲದ ಒಂದು ಕಪ್ಪು ಚೌಕ. ಮೂಗು ತಾಗುವಷ್ಟು ಬಗ್ಗಿದಳು. ಮೂಲೆಯ ಧೂಳು ಒರೆಸಲು ಹೋದ ಹೆಬ್ಬೆರಳು ಅರ್ಧದಲ್ಲೇ ನಿಂತಿತು.

ನಾನು ಆಗಲೇ ಮುಚ್ಚಳ ತಿರುಗಿಸಿ ಕಂಪನಿಯ ಹೆಸರು ಓದಿಕೊಂಡಿದ್ದೆ.

"ಇದೇನಾ? ಇವರೇನಾ ಇಪ್ಪತ್ತೇಳು? ಬಾಯಿಬಿಟ್ಟು ಹೇಳ್ಬೇಡ ಮಾರಾಯ್ತಿ, ತಲೆಯಾದ್ರೂ ಆಡ್ಸು!"

ಅವಳು ಕಣ್ಣು ಕೀಳಲಿಲ್ಲ.

"ತಲೆ ಆಡ್ಸಿದ್ರೂ ಹೇಳಿದ ಹಾಗೇ ಅಣ್ಣ. ನೋಡೋಕೆ ಮಾತ್ರ ಯಾರೂ ಬೇಡ ಅಂದಿಲ್ಲ. ಚೂರು ಆಚೆ ಸರಿ, ಬೆಳಕಿಗೆ ಅಡ್ಡ ನಿಂತಿದೀಯ."