ಕಾಲು ಒತ್ತಿದ ಪುಣ್ಯ

“ಇನ್ನೂ ಗಟ್ಟಿ ಒತ್ತು ಮಾರಾಯ,” ಎಂದರು ಅಣ್ಣ. ದೂರದ ರಾಜಧಾನಿಯಲ್ಲಿ, ಮೆಟ್ರೋ ಹೊಸದಾಗಿ ಬಂದಿದ್ದ ರೋಹಿಣಿ ಬಡಾವಣೆಯಲ್ಲಿ ನಮ್ಮದೊಂದು ಹೋಟೆಲು. ದಿನವಿಡೀ ದೋಸೆ ಕಾವಲಿಯ ಮುಂದೆ ನಿಲ್ಲುವ ಅಣ್ಣನ ಎಡಗಾಲು ಮಾತ್ರ ಊದಿ ಬಿಸಿಯಾಗಿತ್ತು. ನಿಂತೇ ದುಡಿಯುವ ನಮಗೆ ಕಾಲುನೋವಿಗೆ ಕಾಯಿಸಿದ ಎಣ್ಣೆಯೇ ಮದ್ದು. ನಾನು ಬಲವಾಗಿ ತಿಕ್ಕಿದೆ. ಎದ್ದು ನಾಲ್ಕು ಹೆಜ್ಜೆ ಇಟ್ಟವರು ಉಸಿರು ಸಿಗದೆ, ಎದೆ ಹಿಡಿದು ಕುಸಿದರು.

ಆಸ್ಪತ್ರೆಯಲ್ಲಿ ಅವರು ಉಳಿಯಲಿಲ್ಲ. “ಮಾಲಿಶ್ ಮಾಡಿದ್ದು ಯಾರು?” ಎಂದು ಡಾಕ್ಟರು ಹಿಂದಿಯಲ್ಲಿ ಕೇಳಿದರು. ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದ್ದ ರಕ್ತ ತಿಕ್ಕಿದಾಗ ಕಿತ್ತುಕೊಂಡು ಶ್ವಾಸಕೋಶಕ್ಕೆ ಹೋಗಿ ಸಿಕ್ಕಿಕೊಂಡಿತ್ತಂತೆ. ಮೊದಲೇ ಬಂದಿದ್ದರೆ ರಕ್ತ ತೆಳುವಾಗಿಸುವ ಔಷಧಿಯಿಂದ ಉಳಿಸಬಹುದಿತ್ತಂತೆ.

ಅತ್ತಿಗೆಗೆ ಇದನ್ನು ನಾನು ಇನ್ನೂ ಹೇಳಿಲ್ಲ. “ಕಡೆಗೆ ಅಣ್ಣನ ಕಾಲು ಒತ್ತುವ ಪುಣ್ಯ ನಿನಗಾದರೂ ಸಿಕ್ಕಿತು,” ಎನ್ನುತ್ತಲೇ ಪ್ರತಿ ವರ್ಷ ತಿಥಿಯ ದಿನ ಅವರು ನನಗೆ ಮೊದಲು ಬಡಿಸುತ್ತಾರೆ.