ಮೇಡಂ ಶಾಸಕಿಯಾದದ್ದು

ಕಳಮಶ್ಶೇರಿಯಲ್ಲಿ ಕಾನೂನು ಓದಿ ಮುಗಿಸಿದ ಮೇಲೆ ಕಾಸರಗೋಡಿಗೆ ವಾಪಸಾಗದೆ, ಕೊಚ್ಚಿಯ ಹೈಕೋರ್ಟಿನಲ್ಲಿ ಒಬ್ಬ ತಮಿಳು ವಕೀಲೆಯ ಬಳಿ ಜೂನಿಯರ್ ಆಗಿ ಸೇರಿಕೊಂಡೆ. ನಮಗೆಲ್ಲ ಅವರು ಮೇಡಂ. ಅವರ ತಂದೆ ತಮಿಳುನಾಡಿನಿಂದ ಬಂದು ಫೋರ್ಟ್ ಕೊಚ್ಚಿಯಲ್ಲಿ ಇಸ್ತ್ರಿ ಅಂಗಡಿ ಇಟ್ಟವರು. ಊರಿನ ವಕೀಲರ ಕರಿ ಕೋಟುಗಳಿಗೆ ಇಸ್ತ್ರಿ ಹಾಕುತ್ತಲೇ ಮಗಳನ್ನು ವಕೀಲೆ ಮಾಡಿದರು. ಮೇಡಂ ಇದನ್ನು ಮುಚ್ಚಿಡುತ್ತಿರಲಿಲ್ಲ, ಹೇಳಿಕೊಂಡು ತಿರುಗುತ್ತಲೂ ಇರಲಿಲ್ಲ.

ನಾನು ಸೇರಿದ ವರ್ಷವೇ ವಲ್ಲಾರ್ಪಾಡಂ ಬಂದರಿನ ಲಾರಿ ಚಾಲಕರ ಕೇಸು ಬಂತು. ಹೆಚ್ಚಿನವರು ತಮಿಳುನಾಡಿನಿಂದ ಬರುವವರು. ಕಂಟೇನರ್ ಇಳಿಸಲು ಸರದಿ ಕಾಯುವವರಿಗೆ ಸ್ನಾನಕ್ಕಾಗಲಿ ಶೌಚಕ್ಕಾಗಲಿ ಜಾಗವಿರಲಿಲ್ಲ. ರಸ್ತೆ ಬದಿಯಲ್ಲೇ ಚಾಪೆ ಹಾಸಿ ಮಲಗುತ್ತಿದ್ದರು. ಹಾಗೆ ಮಲಗಿದ್ದ ಒಬ್ಬನ ಕಾಲಿನ ಮೇಲೆ ಇನ್ನೊಂದು ಗಾಡಿ ಹರಿದಿತ್ತು. ಮೇಡಂ ಅಲ್ಲಿಗೇ ಹೋಗಿ, ಚಾಲಕರು ಬೇಯಿಸಿದ ಅನ್ನ ರಸಂ ಉಂಡು, ಎಲ್ಲವನ್ನೂ ಕೇಳಿಕೊಂಡು ಬಂದು ವಾದಿಸಿದರು. ವಿಶ್ರಾಂತಿ ಗೃಹ ಕಟ್ಟಿಸಬೇಕೆಂದು ಆದೇಶವಾಯಿತು. ಕಟ್ಟಡ ಮಾತ್ರ ಏಳಲಿಲ್ಲ. ಕೇಳಿದಾಗಲೆಲ್ಲ ಸರ್ಕಾರಿ ವಕೀಲರು ಇನ್ನಷ್ಟು ಸಮಯ ಬೇಕೆನ್ನುತ್ತಿದ್ದರು.

"ಇಲ್ಲಿ ಗೆದ್ದರೆ ಸಾಲದು ಮೋಳೇ, ತಿರುವನಂತಪುರಕ್ಕೂ ಹೋಗಬೇಕು" ಎಂದರು ಮೇಡಂ ಒಂದು ದಿನ. ಮೋಳೇ ಎಂದರೆ ಮಗಳೇ. ನನ್ನನ್ನು ಅವರು ಹೆಸರು ಹಿಡಿದು ಕರೆದದ್ದು ಕಡಿಮೆ.

ವಿಧಾನಸಭೆ ಚುನಾವಣೆಗೆ ನಿಂತಾಗ, "ನಿಲ್ಲಿಸಲು ಮಲಯಾಳಿಗಳೇ ಸಿಗಲಿಲ್ಲವೇ?" ಎಂದು ಎದುರು ಪಕ್ಷದವರು ಆಡಿಕೊಂಡರು. ಮೇಡಂ ಅವರದೇ ಪಕ್ಷದ ಒಬ್ಬರು, "ಆ ಡ್ರೈವರುಗಳಿಗೆ ಇಲ್ಲಿ ಓಟಿಲ್ಲ. ಅವರ ಹತ್ತಿರ ಯಾಕೆ ಹೊತ್ತು ಕಳೆಯುತ್ತೀರಿ?" ಎಂದರು.

"ಓಟಿದ್ದವರ ಮನೆಗೂ ಹೋಗುತ್ತೇನೆ. ಇವರನ್ನು ಬಿಡಲಾರೆ" ಎಂದರು ಮೇಡಂ.

ಆ ಸಲ ಸೋತರು. ಮರುದಿನ ಕೋಟು ಹಾಕಿಕೊಂಡು ಬಂದು, ಏನೂ ಆಗದವರಂತೆ ಒಂದು ಪಿಂಚಣಿ ಕೇಸು ವಾದಿಸಿದರು. ನನಗೇ ಕಣ್ಣು ತುಂಬಿ ಬಂತು. ಮುಂದಿನ ಚುನಾವಣೆಯಲ್ಲಿ ಗೆದ್ದರು.

ಪ್ರಮಾಣವಚನಕ್ಕೆಂದು ರೈಲಿನಲ್ಲಿ ಹೋಗುವಾಗ ಕೇಳಿದರು, "ಪಕ್ಷದವರು ಮಲಯಾಳದಲ್ಲೇ ತೆಗೆದುಕೊಳ್ಳಿ ಅನ್ನುತ್ತಿದ್ದಾರೆ. ನೀನೇನು ಹೇಳುತ್ತೀ?"

"ನಮ್ಮ ಕಾಸರಗೋಡಿನ ಕಡೆಯ ಶಾಸಕರು ಕನ್ನಡದಲ್ಲಿ ತೆಗೆದುಕೊಂಡದ್ದುಂಟು ಮೇಡಂ. ನಮ್ಮ ಮನೆಯಲ್ಲಿ ಅದನ್ನು ಹಬ್ಬದ ಹಾಗೆ ನೋಡಿದ್ದೆವು."



ವಿಧಾನಸಭೆಯ ಗ್ಯಾಲರಿಯಲ್ಲಿ ಮೇಡಂ ತಂದೆಯ ಪಕ್ಕ ನಾನಿದ್ದೆ. ಕೆಳಗೆ ಮೇಡಂ ಎದ್ದು ಬಂದು ತಮಿಳಿನಲ್ಲಿ ಓದಲು ಶುರು ಮಾಡಿದ್ದೇ ತಡ, ಮುದುಕರು ಎದ್ದು ನಿಂತರು. ಸಿಬ್ಬಂದಿ ಕೂರಲು ಸನ್ನೆ ಮಾಡಿದರೂ ಕೇಳಲಿಲ್ಲ. ಮಗಳು ಸಹಿ ಹಾಕುವವರೆಗೂ ನಿಂತೇ ಇದ್ದರು. ಅದು ನನ್ನ ಭಾಷೆಯಲ್ಲ. ಆದರೂ ನನ್ನ ಎದೆ ಉಬ್ಬಿತು.

ಸದನದಲ್ಲಿ ಅವರ ಮೊದಲ ಪ್ರಶ್ನೆ ಅಚ್ಚ ಮಲಯಾಳದಲ್ಲಿತ್ತು, ವಿಶ್ರಾಂತಿ ಗೃಹದ ಬಗ್ಗೆ. ಮಂತ್ರಿಗಳು ಏನೋ ಹೇಳಿ ಜಾರಿಕೊಳ್ಳಲು ನೋಡಿದರು. ಮೇಡಂ ಕೋರ್ಟಿನ ಆದೇಶವನ್ನು ಬಾಯಿಪಾಠ ಒಪ್ಪಿಸಿ, ಉತ್ತರ ಬರುವವರೆಗೆ ಕೂರಲಿಲ್ಲ. ಆಮೇಲೆ ಕೆಲಸ ನಡೆಯಿತು.

ಉದ್ಘಾಟನೆಯ ದಿನ ರಿಬ್ಬನ್ ಕಟ್ಟುವ ಮೊದಲೇ ಸೇಲಂ ಕಡೆಯ ಚಾಲಕನೊಬ್ಬ ಒಳಗೆ ನುಗ್ಗಿ ಸ್ನಾನ ಮುಗಿಸಿ, ಒದ್ದೆ ತಲೆ ಒರೆಸಿಕೊಳ್ಳುತ್ತಾ ಹೊರಗೆ ಬಂದ. ಬಾಗಿಲಲ್ಲಿ ನಿಂತಿದ್ದ ಮೇಡಂ ಹತ್ತಿರ, "ಎಂಎಲ್ಎ ಎಷ್ಟು ಹೊತ್ತಿಗೆ ಬರುತ್ತಾರಮ್ಮ?" ಎಂದು ತಮಿಳಿನಲ್ಲಿ ವಿಚಾರಿಸಿದ.

"ನಾನೇ ಅಣ್ಣಾ" ಎಂದರು ಮೇಡಂ. "ನೀರು ಚೆನ್ನಾಗಿ ಬರುತ್ತಾ?"