ಮುಚ್ಚಳದ ಮೇಲಿನ ಹೆಸರು

ಆಸ್ಪತ್ರೆಯಲ್ಲಿ ಆಕೆಯನ್ನು ಹೆಸರು ಹಿಡಿದು ಕರೆದವರು ಯಾರೂ ಇಲ್ಲ. ದೊಡ್ಡ ಡಾಕ್ಟರಿಂದ ಹಿಡಿದು ಗೇಟಿನ ಕಾವಲುಗಾರನವರೆಗೆ ಎಲ್ಲರಿಗೂ ಆಕೆ ಎಕ್ಸ್‌ಚೇಂಜಕ್ಕ. ಇಪ್ಪತ್ತೆರಡು ವರ್ಷ ನೆಲಮಾಳಿಗೆಯ ಟೆಲಿಫೋನ್ ಬೋರ್ಡಿನ ಮುಂದೆ ಕೂತು, ಒಂದು ಕೈಯಲ್ಲಿ ವೈರು ಸಿಕ್ಕಿಸುತ್ತ ಇನ್ನೊಂದು ಕೈಯಲ್ಲಿ ಚೀಟಿ ಬರೆಯುತ್ತ, ಇಡೀ ಆಸ್ಪತ್ರೆಯನ್ನು ಒಬ್ಬರಿಗೊಬ್ಬರು ಮಾತಾಡಿಸಿದವಳು. ಬೋರ್ಡಿನ ಮೇಲೆ ಪುಟ್ಟ ದೀಪವೊಂದು ಹೊತ್ತಿಕೊಂಡರೆ ಸಾಕು, ಬಾಯಿಗೆ ಹೋಗುತ್ತಿದ್ದ ತುತ್ತು ಡಬ್ಬಿಗೆ ವಾಪಸಾಗುತ್ತಿತ್ತು. ಕರೆದವರಿಗೆ ಉತ್ತರ ಕೊಡದೆ ಕೂರುವುದು ಆಕೆಯ ಜಾಯಮಾನದಲ್ಲೇ ಇರಲಿಲ್ಲ.

ಒಂದು ದಿನ ತಾನೇ ತಾನಾಗಿ ಫೋನ್ ಜೋಡಿಸುವ ಯಂತ್ರ ಬಂತು. ಬೋರ್ಡನ್ನು ನಾಲ್ಕು ಜನ ಹೊತ್ತುಕೊಂಡು ಹೋದರು. ಎಕ್ಸ್‌ಚೇಂಜಕ್ಕನಿಗೆ ಎರಡನೇ ಮಹಡಿಯ ಕಂಪ್ಯೂಟರ್ ಕೋಣೆಯ ಮೂಲೆಯಲ್ಲಿ ಒಂದು ಕುರ್ಚಿ ಕೊಟ್ಟರು, ‘ಮುಂದಿನ ವ್ಯವಸ್ಥೆ ಆಗುವವರೆಗೆ’. ಬಂದುಹೋದವರ ಸಹಿ ಹಾಕಿಸಿಕೊಳ್ಳುವುದು, ಕಿಟಕಿ ತೆರೆಯದಂತೆ ನೋಡಿಕೊಳ್ಳುವುದು, ಧೂಳು ಹೊಡೆಯುವುದು. ಕೆಲಸವೆಂದರೆ ಅಷ್ಟೇ.

ಇದರಿಂದ ಆಕೆಗಿಂತ ಹೆಚ್ಚು ನಷ್ಟವಾದದ್ದು ಅತ್ತೆಗೆ. ಗಂಡ ಬಸ್ ಓಡಿಸುವವನು, ಮಾತು ಕಮ್ಮಿ. ಮನೆಗೆ ಜಗತ್ತಿನ ಸುದ್ದಿ ಬರುತ್ತಿದ್ದುದೇ ಬೋರ್ಡಿನ ಮೂಲಕ. ಸಂಜೆ ಸೊಸೆ ಚಪ್ಪಲಿ ಬಿಡುವ ಮೊದಲೇ ಅತ್ತೆ ಕೇಳುತ್ತಿದ್ದರು, “ಇವತ್ತು ಯಾರ್ಯಾರು ಫೋನ್ ಮಾಡಿದ್ರು?” ಯಾವ ಡಾಕ್ಟರು ಯಾರ ಮೇಲೆ ರೇಗಿದರು, ಯಾರಿಗೆ ಅವಳಿ ಮಕ್ಕಳಾದವು, ಎಲ್ಲ ಬೇಕು ಅವರಿಗೆ. ಒಂದು ಕಿವಿ ಮಂದ, ಆದರೂ ಇನ್ನೊಂದು ಕಿವಿಯಲ್ಲಿ ಎರಡು ಕಿವಿಯ ಕೆಲಸ ತೆಗೆಯುತ್ತಿದ್ದರು. ಈಗ ಮೂರು ತಿಂಗಳಿಂದ ಒಂದೇ ಉತ್ತರ, “ಯಾರೂ ಇಲ್ಲ ಅತ್ತೆ.”

ಉಳಿದದ್ದು ಅಡುಗೆಮನೆಯ ಜಗಳವೊಂದೇ. ಸೊಸೆಗೆ ಸ್ವಚ್ಛತೆಯ ಹುಚ್ಚು. ಭಾನುವಾರ ಬಂತೆಂದರೆ ಡಬ್ಬಿಗಳನ್ನೆಲ್ಲ ಇಳಿಸಿ ಒರೆಸುವಳು, ಉಪ್ಪಿನ ಮುಚ್ಚಳ ಸಕ್ಕರೆಗೆ ಹೋಗುವುದು, ಸಕ್ಕರೆಯದು ಉಪ್ಪಿಗೆ. ಹೆಸರಿನ ಚೀಟಿ ಅಂಟಿಸಿದ್ದು ಮುಚ್ಚಳದ ಮೇಲೆ. ಸೋಮವಾರದ ಚಹಾ ಕುಡಿದವರ ಮುಖ ನೋಡುವ ಹಾಗಿರಲಿಲ್ಲ.

“ಹೆಸರು ಡಬ್ಬಿಗೆ ಅಂಟಿಸು ಅಂತ ಎಷ್ಟು ಸಲ ಹೇಳೋದು? ಮುಚ್ಚಳಕ್ಕೇನು, ಯಾರ ತಲೆ ಮೇಲಾದ್ರೂ ಕೂರುತ್ತೆ” ಎನ್ನುತ್ತಿದ್ದರು ಅತ್ತೆ. ಸೊಸೆ ಹೂಂ ಅನ್ನುವಳು, ಮುಂದಿನ ಭಾನುವಾರ ಮತ್ತೆ ಅದೇ ರಾಗ ಅದೇ ಹಾಡು.

ಹೀಗಿರುವಾಗ ಒಂದು ಸೋಮವಾರ ಕಂಪ್ಯೂಟರ್ ಕೋಣೆಗೆ ಎರಡು ಪೆಟ್ಟಿಗೆಗಳು ಬಂದವು. ಬೂದು ಬಣ್ಣ, ಎರಡು ದಪ್ಪ ಪುಸ್ತಕ ಒಂದರ ಮೇಲೊಂದು ಇಟ್ಟಷ್ಟು ಗಾತ್ರ, ಹಿಂದೆ ಎಂಟೆಂಟು ಸಾಕೆಟ್ಟು. ಟರ್ಮಿನಲ್ ಸರ್ವರ್ ಅಂತೆ. ಕೋಣೆಯ ನಡುವೆ ಕೂತಿದ್ದ ಯೂನಿಕ್ಸ್ ವರ್ಕ್‌ಸ್ಟೇಷನ್ ಎಂಬ ಯಂತ್ರದೊಳಗೆ ರೋಗಿಗಳ ಪಟ್ಟಿ, ರಕ್ತಪರೀಕ್ಷೆಯ ಫಲಿತಾಂಶ ಎಲ್ಲವೂ ಇತ್ತು. ಆದರೆ ನೋಡಬೇಕೆಂದರೆ ನರ್ಸುಗಳು ಎರಡು ಮಹಡಿ ಹತ್ತಿ ಬರಬೇಕು. ಈ ಪೆಟ್ಟಿಗೆಗಳನ್ನು ಜೋಡಿಸಿದರೆ ವಾರ್ಡುಗಳಲ್ಲಿ, ಲ್ಯಾಬಿನಲ್ಲಿ ಇಟ್ಟಿರುವ ಪರದೆಗಳ ಮೇಲೇ ಎಲ್ಲ ಕಾಣುತ್ತದೆ.

ಜೋಡಿಸುವವರು ಯಾರು? ಸಿಸ್ಟಮ್ ಸಾರ್ ಎಂದು ಎಲ್ಲರೂ ಕರೆಯುತ್ತಿದ್ದ ತಜ್ಞರು ಮೂರು ಆಸ್ಪತ್ರೆಗಳಿಗೆ ಒಬ್ಬರೇ, ಇಲ್ಲಿಗೆ ಬರುವುದು ಶನಿವಾರ ಮಾತ್ರ. ಸೂಪರಿಂಟೆಂಡೆಂಟರು ಪೆಟ್ಟಿಗೆಯ ಜೊತೆ ಬಂದ ಮ್ಯಾನುಯಲ್ ತಿರುವಿಹಾಕಿ, ನಿಟ್ಟುಸಿರು ಬಿಟ್ಟು ಮುಚ್ಚಿದರು. ಮೂಲೆಯ ಕುರ್ಚಿಯಿಂದ ಎಕ್ಸ್‌ಚೇಂಜಕ್ಕ ಎದ್ದು ನಿಂತಳು.

“ಸಾರ್, ನಾನು ಮಾಡ್ತೀನಿ.”

ಅವರು ಕನ್ನಡಕದ ಮೇಲಿಂದ ನೋಡಿದರು. “ನಿಮ್ಮನ್ನ ಮುಂದಿನ ವಾರ ಬಟ್ಟೆ ಉಗ್ರಾಣಕ್ಕೆ ಹಾಕಬೇಕು ಅಂತಿದ್ದೆ. ಹಾಸಿಗೆ ಬಟ್ಟೆ, ದಿಂಬಿನ ಚೀಲ ಎಣಿಸೋಕೆ ಒಬ್ರು ಬೇಕು.”

“ಶನಿವಾರದವರೆಗೆ ಟೈಮ್ ಕೊಡಿ ಸಾರ್.”

“ಸರಿ. ಶನಿವಾರ ಹನ್ನೆರಡು ಗಂಟೆಗೆ ಬರ್ತೀನಿ. ಎಲ್ಲಾ ಪರದೆನೂ ಬಂದ್ರೆ ಈ ಕೋಣೆ ನಿಮ್ಮದು. ಇಲ್ಲಾಂದ್ರೆ ಸೋಮವಾರದಿಂದ ದಿಂಬು.”

ನೀರಿಗಿಳಿದ ಮೇಲೆ ಚಳಿಯೇನು, ಮಳೆಯೇನು. ಆಕೆ ಮ್ಯಾನುಯಲ್ ಹಿಡಿದು ಕೂತಳು. ಮೊದಲ ಇಪ್ಪತ್ತು ಪುಟ ಕಬ್ಬಿಣದ ಕಡಲೆ. ಇಪ್ಪತ್ತೊಂದನೇ ಪುಟಕ್ಕೆ ಬಂದಾಗ ಆಕೆಯ ಬೆನ್ನು ನೆಟ್ಟಗಾಯಿತು. ಅಲ್ಲಿ ಬರೆದಿದ್ದರ ಸಾರಾಂಶ ಇಷ್ಟು: ಪೆಟ್ಟಿಗೆಗೆ ಕರೆಂಟು ಕೊಟ್ಟಾಗ ಅದಕ್ಕೆ ತಾನು ಯಾರೆಂಬುದೇ ಗೊತ್ತಿರುವುದಿಲ್ಲ. ಕಾರ್ಖಾನೆಯಲ್ಲಿ ಒಳಗೆ ಕೊರೆದ ಒಂದು ನಂಬರು ಮಾತ್ರ ಗೊತ್ತು. ಆ ನಂಬರು ಹೇಳಿ ಅದು ನೆಟ್‌ವರ್ಕಿನ ವೈರಿನ ಮೇಲೆ ಕೂಗುತ್ತದೆ, ನಾನು ಯಾರು, ನನ್ನ ಕೆಲಸವೇನು ಎಂದು. ವರ್ಕ್‌ಸ್ಟೇಷನ್ ತನ್ನ ಫೈಲು ತೆಗೆದು ನೋಡಿ ಉತ್ತರ ಕೊಡುತ್ತದೆ: ನಿನ್ನ ಹೆಸರು ಇದು, ನಿನ್ನ ಯಾವ ಸಾಕೆಟ್ಟಿಗೆ ಏನು ಜೋಡಿಸಿದೆ, ಎಷ್ಟು ವೇಗದಲ್ಲಿ ಮಾತಾಡಬೇಕು, ಹಿಡಿ ನಿನ್ನ ಪ್ರೋಗ್ರಾಮು.

“ಅಯ್ಯೋ, ಇದು ನಮ್ಮ ಬೋರ್ಡೇ” ಎಂದಳು ಆಕೆ, ಕೋಣೆಯಲ್ಲಿ ಯಾರೂ ಇಲ್ಲದಿದ್ದರೂ. ಕರೆಯುವವನೊಬ್ಬ, ಉತ್ತರ ಕೊಡುವವನೊಬ್ಬ, ನಡುವೆ ಒಂದು ಪಟ್ಟಿ. ಇಷ್ಟಕ್ಕೆ ಇನ್ನೂರು ಪುಟ ಯಾಕೆ ಬೇಕಿತ್ತೋ, ಬರೆದವರಿಗೇ ಗೊತ್ತು. ಆಕೆಗೆ ಎಷ್ಟು ಖುಷಿಯಾಯಿತೆಂದರೆ ಮಧ್ಯಾಹ್ನದ ಡಬ್ಬಿ ಹಾಗೇ ಮನೆಗೆ ವಾಪಸು ಹೋಯಿತು.

ಮಂಗಳವಾರ ಪೆಟ್ಟಿಗೆಗಳನ್ನು ಮೇಜಿನ ಮೇಲಿಟ್ಟುಕೊಂಡಳು. ಉಗ್ರಾಣದಲ್ಲಿ ಎಷ್ಟು ತಿಂಗಳು ಬಿದ್ದಿದ್ದವೋ, ಗಾಳಿಯ ಕಿಂಡಿಗಳಲ್ಲಿ ಧೂಳು ಕೂತಿತ್ತು. ಧೂಳಿದ್ದ ಯಂತ್ರಕ್ಕೆ ಕರೆಂಟು ಕೊಡುವುದೆಂದರೆ ಆಕೆಯ ಲೆಕ್ಕದಲ್ಲಿ ಮುಖ ತೊಳೆಯದ ಮಗುವನ್ನು ಶಾಲೆಗೆ ಕಳಿಸಿದ ಹಾಗೆ. ಪ್ರತಿ ಶನಿವಾರ ಬೋರ್ಡಿನ ಬೆನ್ನು ಬಿಚ್ಚಿ ಗಡ್ಡದ ಬ್ರಷ್ಷಿನಿಂದ ಗುಡಿಸಿ ಅಭ್ಯಾಸವಾದ ಕೈ. ಸ್ಕ್ರೂ ಮೇಲೆ ಒಂದು ಕಾಗದದ ಸೀಲ್ ಇತ್ತು, ಬಿಚ್ಚಿದರೆ ಕಂಪನಿ ಜವಾಬ್ದಾರಿಯಲ್ಲ ಎಂದು. ಆಕೆ ಆಚೀಚೆ ನೋಡಿದಳು. ಬಿಚ್ಚಿದಳು. ಎರಡನ್ನೂ ಹೊಳೆಯುವ ಹಾಗೆ ಗುಡಿಸಿ, ಮುಚ್ಚಿ, ಏನೂ ಆಗದವಳಂತೆ ಕೂತಳು.

ಬುಧವಾರ, ಗುರುವಾರ ಫೈಲಿನ ಕೆಲಸ. ಅಲ್ಲಿಯ ಎಡಿಟರ್ ಎಂಥದೆಂದರೆ ಒಂದು ಅಕ್ಷರ ಬರೆಯಬೇಕಿದ್ದರೂ ಮೊದಲು ಇನ್ನೊಂದು ಅಕ್ಷರ ಒತ್ತಿ ಅಪ್ಪಣೆ ಪಡೆಯಬೇಕು. ಮರೆತರೆ ಇದ್ದ ಸಾಲೂ ಮಾಯ. ಬಯ್ದುಕೊಂಡು, ನಕ್ಕು, ಕೊನೆಗೂ ಪಳಗಿಸಿದಳು. ಪೆಟ್ಟಿಗೆಯ ಮೇಲೆ ಅಂಟಿಸಿದ್ದ ನಂಬರು ಓದಿ ಫೈಲಿಗೆ ಹಾಕಿದಳು. ಮೊದಲನೇ ಪೆಟ್ಟಿಗೆ ವಾರ್ಡುಗಳದ್ದು: ಎಂಟು ಹೊಸ ಪರದೆ, ಎಂಟೂ ವೇಗದವು. ಎರಡನೆಯದು ಲ್ಯಾಬು, ಔಷಧಿ ವಿಭಾಗದ್ದು: ಏಳು ಹಳೆಯ ನಿಧಾನದ ಪರದೆ, ಎಂಟನೇ ಸಾಕೆಟ್ಟಿಗೆ ಒಂದು ಹೊಸ, ವೇಗದ ಪ್ರಿಂಟರು. ಅಷ್ಟರಲ್ಲಿ ವೈರಣ್ಣ, ಅಂದರೆ ಆಸ್ಪತ್ರೆಯ ವೈರ್‌ಮನ್, ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಹದಿನಾರು ಕೇಬಲ್ಲಿನ ತುದಿಗಳಿಗೆ ಬೆಸುಗೆ ಹಾಕಿದ. ಒಂದೊಂದು ಪಿನ್ನನ್ನೂ ಮೂರು ಸಲ ಮೀಟರಿನಲ್ಲಿ ನೋಡುವ ಮನುಷ್ಯ.

ಶನಿವಾರ ಬೆಳಿಗ್ಗೆ ಹತ್ತಕ್ಕೆ ಸಿಸ್ಟಮ್ ಸಾರ್ ಬಂದರು. ಎಕ್ಸ್‌ಚೇಂಜಕ್ಕ ಸ್ವಿಚ್ ಒತ್ತಿದಳು. ಎರಡೂ ಪೆಟ್ಟಿಗೆಗಳ ಹಸಿರು ದೀಪ ಪಟಪಟ ಮಿನುಗಿತು, ಕರೆಯುತ್ತಿದೆ, ಕರೆಯುತ್ತಿದೆ. ಆಕೆಯ ಕೈ ತಾನಾಗಿ ಮುಂದೆ ಹೋಯಿತು, ಇಲ್ಲದ ವೈರು ಹುಡುಕಿಕೊಂಡು. ಅಷ್ಟರಲ್ಲಿ ವರ್ಕ್‌ಸ್ಟೇಷನ್ನಿನ ಡಿಸ್ಕು ಗುರುಗುಟ್ಟಿತು. ಒಂದು ದೀಪ ನಿಂತಿತು. ಇನ್ನೊಂದೂ ನಿಂತಿತು.

“ಎತ್ತಿಕೊಳ್ತು!” ಎಂದು ಆಕೆ ವೈರಣ್ಣನ ಬೆನ್ನಿಗೆ ಒಂದು ಕೊಟ್ಟಳು.

ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಯಬಾರದು. ಐದು ನಿಮಿಷದಲ್ಲಿ ಫೋನುಗಳು ಶುರುವಾದವು. ವಾರ್ಡಿನ ಪರದೆಗಳ ಮೇಲೆ ಇರುವೆ ಚೆಲ್ಲಿದ ಹಾಗೆ ಏನೇನೋ ಗುರುತು. ಎಂಟನೇ ಸಾಕೆಟ್ಟಿಗೆ ಜೋಡಿಸಿದ ಮಕ್ಕಳ ವಾರ್ಡಿನ ಪರದೆಯಲ್ಲಿ ಏನೂ ಇಲ್ಲ, ಕಪ್ಪು. ಲ್ಯಾಬಿನ ಪರದೆಗಳದ್ದೂ ಇರುವೆಯ ಕಥೆಯೇ.

ಸಿಸ್ಟಮ್ ಸಾರ್ ಒಂದು ವಾರ್ಡಿಗೆ ಹೋಗಿ ನೋಡಿ ಬಂದು ತೀರ್ಪು ಕೊಟ್ಟರು. “ಕೇಬಲ್ ತಪ್ಪು. ಪಿನ್ ಎಲ್ಲಾ ಉಲ್ಟಾ ಬೆಸುಗೆ ಹಾಕಿದಾರೆ. ಹದಿನಾರೂ ಕತ್ತರಿಸಿ ಹೊಸದಾಗಿ ಮಾಡಬೇಕು.”

“ಮೂರು ಮೂರು ಸಲ ನೋಡಿದೀನಿ ಸಾರ್” ಎಂದ ವೈರಣ್ಣ.

“ಮೂರು ಸಲ ತಪ್ಪಾಗಿ ನೋಡಿದೀರ” ಎಂದು ಅವರು ವರದಿಯ ಹಾಳೆ ತೆಗೆದು ಬರೆಯತೊಡಗಿದರು. ವೈರಣ್ಣ ತನ್ನ ಎರಡು ದಿನದ ಕೆಲಸದ ಮುಂದೆ ಕೂತು ಕಟಿಂಗ್ ಪ್ಲೇಯರ್ ಕೈಗೆತ್ತಿಕೊಂಡ. ಗಂಟೆ ಹನ್ನೊಂದೂ ಮುಕ್ಕಾಲು. ಎಕ್ಸ್‌ಚೇಂಜಕ್ಕನ ಕಣ್ಣ ಮುಂದೆ ದಿಂಬಿನ ಚೀಲಗಳು ಬೆಟ್ಟದಂತೆ ಎದ್ದವು.

ಆಗ ಲ್ಯಾಬಿನವನ ಫೋನು. “ಅಕ್ಕ, ನಿಮ್ಮ ಪ್ರಿಂಟರ್ ನಿಮಿಷಕ್ಕೊಂದ್ಸಲ ಲಾಗಿನ್, ಲಾಗಿನ್ ಅಂತ ಅಚ್ಚು ಹಾಕ್ತಿದೆ. ಆಗಿನಿಂದ ನನ್ನ ಹೆಸರು ಕೇಳ್ತಿದೆ, ಬರೆದು ಕೊಡಲಾ?”

ಆಕೆ ನಗಲು ಹೋದವಳು ತಡೆದು ನಿಂತಳು. ಹೆಸರು ಕೇಳುವುದು ಪರದೆಯ ಕೆಲಸ. ಪ್ರಿಂಟರಿಗೆ ಹಾಗೆ ಕೇಳಬೇಡ ಎಂದು ತಾನೇ ಫೈಲಿನಲ್ಲಿ ಬರೆದಿದ್ದಳು. ಎಂಟನೇ ಸಾಕೆಟ್ಟಿನಲ್ಲಿ ಹೆಸರು ಕೇಳುವುದು ವಾರ್ಡಿನ ಪೆಟ್ಟಿಗೆ ಮಾತ್ರ. ಅಲ್ಲಿ ನೋಡಿದರೆ ಮಕ್ಕಳ ವಾರ್ಡಿನ ಪರದೆ ಪ್ರಿಂಟರಿನಂತೆ ಬಾಯಿ ಮುಚ್ಚಿ ಕೂತಿದೆ. ವೇಗದ ಪರದೆಗಳ ಜೊತೆ ನಿಧಾನವಾಗಿ ಮಾತು, ನಿಧಾನದವುಗಳ ಜೊತೆ ವೇಗವಾಗಿ. ಇದು ಅದಾಗಿದೆ, ಅದು ಇದಾಗಿದೆ. ಆದರೆ ನಂಬರು ಪೆಟ್ಟಿಗೆ ನೋಡಿಯೇ ಬರೆದದ್ದಲ್ಲವೇ? ನಂಬರಿನ ಚೀಟಿ ಅಂಟಿಸಿದ್ದು ಎಲ್ಲಿ? ಮುಚ್ಚಳದ ಮೇಲೆ.

ಉಪ್ಪು, ಸಕ್ಕರೆ. ಮಂಗಳವಾರ ಬಿಚ್ಚಿ ಗುಡಿಸಿದಾಗ ಇದರ ಮುಚ್ಚಳ ಅದಕ್ಕೆ, ಅದರದು ಇದಕ್ಕೆ. ಆಕೆಯ ಕೆನ್ನೆ ಬಿಸಿಯಾಯಿತು. ನಾಚಿಕೆ ಅರ್ಧ, ಸಿಕ್ಕಿತಲ್ಲ ಎಂಬ ಖುಷಿ ಅರ್ಧ. ನಿಜ ಹೇಳಬೇಕೆಂದರೆ ಖುಷಿಯೇ ತುಸು ಜಾಸ್ತಿ.

ಫೈಲಿನಲ್ಲಿ ಎರಡು ನಂಬರುಗಳನ್ನು ಅದಲುಬದಲು ಮಾಡಿದರೆ ಮುಗಿಯಿತು. ಸಣ್ಣ ತಪ್ಪಿತ್ತು, ಸರಿಮಾಡಿದೆ ಎಂದುಬಿಡಬಹುದು. ಸೀಲಿನ ಸುದ್ದಿ ಯಾರಿಗೂ ಬೇಡ, ಕುರ್ಚಿ ಉಳಿಯುತ್ತದೆ. ಆದರೆ ಮುಚ್ಚಳದ ಮೇಲಿನ ಸುಳ್ಳು ನಂಬರು ಹಾಗೇ ಉಳಿದು ಮುಂದೆ ಬಂದವರನ್ನೆಲ್ಲ ದಾರಿ ತಪ್ಪಿಸುತ್ತದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬಂತೆ ವರದಿಯಲ್ಲಿ ವೈರಣ್ಣನ ಹೆಸರು ಬೇರೆ ಕೂತಿದೆ. ಪ್ಲೇಯರ್ ಮೊದಲ ಕೇಬಲ್ಲಿನ ಕುತ್ತಿಗೆಗೆ ಬಂದಿತ್ತು.

“ವೈರಣ್ಣ, ಕೈ ತೆಗೀರಿ. ಕೇಬಲ್ ಸರಿಯಾಗಿದೆ. ತಪ್ಪು ನನ್ನದು.”

ಬಾಗಿಲಲ್ಲಿ ಸೂಪರಿಂಟೆಂಡೆಂಟರು ನಿಂತಿದ್ದರು, ಹತ್ತು ನಿಮಿಷ ಮೊದಲೇ. ಆಕೆ ಅವರ ಎದುರಿಗೇ ಎಲ್ಲ ಹೇಳಿದಳು: ಧೂಳು, ಬ್ರಷ್ಷು, ಸೀಲು, ಮುಚ್ಚಳ. ಸಿಸ್ಟಮ್ ಸಾರ್ ಪೆನ್ನು ಹಿಡಿದ ಕೈ ಅಲ್ಲೇ ನಿಂತಿತು.

“ಸೀಲ್ ಯಾಕೆ ಬಿಚ್ಚಿದ್ರಿ?” ಎಂದರು ಸೂಪರಿಂಟೆಂಡೆಂಟರು.

“ಧೂಳಿತ್ತು ಸಾರ್.”

“ಬಿಚ್ಚಬಾರದು ಅಂತ ಬರೆದಿತ್ತು.”

“ಬರೆದಿತ್ತು ಸಾರ್. ಓದಿದ್ದೆ.”

ಅವರು ಗಡಿಯಾರ ನೋಡಿದರು. “ಇನ್ನೂ ಐದು ನಿಮಿಷ ಇದೆ.”

ಆಕೆ ಅಪ್ಪಣೆಯ ಅಕ್ಷರ ಒತ್ತಿದಳು. ಎರಡು ಸಾಲು ತಿದ್ದಿದಳು, ಪೆಟ್ಟಿಗೆಗಳ ಸ್ವಿಚ್ ಆರಿಸಿ ಮತ್ತೆ ಒತ್ತಿದಳು. ದೀಪಗಳು ಮಿನುಗಿದವು. ಡಿಸ್ಕು ಗುರುಗುಟ್ಟಿತು. ದೀಪಗಳು ನಿಂತವು.

ಮೊದಲ ಫೋನು ಮಕ್ಕಳ ವಾರ್ಡಿನದು. “ಅಕ್ಕ, ಬಂತು. ನಮ್ಮ ಹದಿನಾಲ್ಕನೇ ಮಂಚದ ಪಾಪುವಿನ ರಕ್ತದ ರಿಪೋರ್ಟ್ ಇಲ್ಲೇ ಕಾಣ್ತಿದೆ, ನಾನು ಕೂತ ಜಾಗದಲ್ಲೇ.” ಫೋನ್ ಇಡುವಷ್ಟರಲ್ಲಿ ಎರಡನೆಯದು. ಮೂರನೆಯದು. ಔಷಧಿ ವಿಭಾಗ, ಹೆರಿಗೆ ವಾರ್ಡು, ಎಲುಬಿನ ವಾರ್ಡು. ಆಕೆ ಎತ್ತುತ್ತಲೇ ಇದ್ದಳು, ಕಣ್ಣಲ್ಲಿ ನೀರು ಬಂದಿದ್ದು ಗೊತ್ತಾಗದೆ. ಕೊನೆಗೆ ಲ್ಯಾಬಿನವನು ಪ್ರಿಂಟರ್ ಹೆಸರು ಕೇಳುವುದು ನಿಲ್ಲಿಸಿದೆ, ಸ್ವಲ್ಪ ಬೇಜಾರಾಗ್ತಿದೆ ಎಂದ. ವೈರಣ್ಣ ಪ್ಲೇಯರನ್ನು ಚೀಲಕ್ಕೆ ಹಾಕಿ, ಚೀಲದ ಬಾಯಿ ಕಟ್ಟಿ, ಅದರ ಮೇಲೇ ಕೂತುಬಿಟ್ಟ.

ಸಿಸ್ಟಮ್ ಸಾರ್ ವರದಿಯ ಹಾಳೆ ಹರಿದು ಜೇಬಿಗಿಟ್ಟುಕೊಂಡರು. ಸೂಪರಿಂಟೆಂಡೆಂಟರು ಬಾಗಿ ಪೆಟ್ಟಿಗೆಯ ಕಿಂಡಿಯೊಳಗೆ ಒಮ್ಮೆ ಊದಿ ನೋಡಿದರು. ಒಂದು ಕಣ ಧೂಳು ಏಳಲಿಲ್ಲ.

“ಸೀಲಿನ ವಿಷಯಕ್ಕೆ ಒಂದು ವಿವರಣೆ ಬರೆದುಕೊಡಿ” ಎಂದು ಬಾಗಿಲ ತನಕ ಹೋಗಿ ತಿರುಗಿದರು. “ದಿಂಬು ಎಣಿಸೋಕೆ ಈಗ ಬೇರೆ ಯಾರನ್ನಾದ್ರೂ ನೋಡಬೇಕಲ್ಲ, ಅದೊಂದು ತಲೆನೋವು.”

ಆಕೆ ವಿವರಣೆ ಒಂದೇ ಸಾಲಲ್ಲಿ ಬರೆದಳು. ಆಮೇಲೆ ಎರಡು ಚೀಟಿ ಕತ್ತರಿಸಿ, ನಂಬರು ದಪ್ಪಕ್ಷರದಲ್ಲಿ ಬರೆದು, ಪೆಟ್ಟಿಗೆಗಳ ಹೊಟ್ಟೆಗೇ ಅಂಟಿಸಿದಳು.

ಸಂಜೆ ಮನೆಯ ಬಾಗಿಲಲ್ಲಿ ಇನ್ನೂ ಒಂದು ಚಪ್ಪಲಿ ಕಾಲಲ್ಲೇ ಇತ್ತು.

“ಇವತ್ತು ಯಾರ್ಯಾರು ಫೋನ್ ಮಾಡಿದ್ರು?” ಎಂದರು ಅತ್ತೆ, ಉತ್ತರ ಗೊತ್ತಿದ್ದವರ ಧ್ವನಿಯಲ್ಲಿ.

“ಹದಿನಾರು ಕಡೆಯಿಂದ ಅತ್ತೆ. ಒಂದೂ ಬಿಡದೆ.”

ಅತ್ತೆ ಕುರ್ಚಿಯನ್ನು ಅಡುಗೆಮನೆಯ ಬಾಗಿಲಿಗೆ ಎಳೆದುಕೊಂಡು ಒಳ್ಳೆಯ ಕಿವಿಯನ್ನು ಸೊಸೆಯ ಕಡೆ ತಿರುಗಿಸಿದರು. ಆಕೆ ಚಹಾ ಮಾಡುತ್ತ, ಯಾವ ಡಬ್ಬಿ ಎಂದು ನೋಡದೆ ಚಮಚ ಆಡಿಸುತ್ತ, ಸೋಮವಾರದಿಂದ ಶುರುಮಾಡಿ ಹೇಳುತ್ತ ಹೋದಳು. ಮುಚ್ಚಳದ ಜಾಗ ಬಂದಾಗ ಅತ್ತೆ ಒಂದೇ ಒಂದು ಸಲ ನಡುವೆ ಬಾಯಿ ಹಾಕಿದರು.

“ನೀನೇ ಮಾಡಿದ್ದು ಅಂತ ಅವರ ಎದುರಿಗೆ ಹೇಳ್ದೆಯಾ?”

“ಹೇಳ್ದೆ.”

“ಹೂಂ. ಮುಂದೆ?”

ಆಕೆ ಮುಂದುವರಿಸಿದಳು. ಕಥೆ ಮುಗಿದು, ತನ್ನ ಲೋಟ ಎತ್ತಿ ಒಂದು ಗುಟುಕು ಕುಡಿದಾಗಲೇ ಗೊತ್ತಾದದ್ದು, ಚಹಾಕ್ಕೆ ಬಿದ್ದದ್ದು ಉಪ್ಪು. ಗಾಬರಿಯಿಂದ ತಿರುಗಿ ನೋಡಿದಳು. ಅತ್ತೆಯ ಲೋಟ ಖಾಲಿಯಾಗಿತ್ತು.